ನಿಧಾನದವರು ಮುಂದೆ

ದಸರಾ ರಜೆಗೆ ಕುದುರೆಮುಖ ಹತ್ತೋಣ ಎಂದು ನಾನು ಹೇಳಿದಾಗ ನಮ್ಮವರು ಬೇಡ ಅನ್ನಲಿಲ್ಲ. "ಇಳಿಯೋದು ಹ್ಯಾಂಗೈತಿ?" ಎಂದು ಮಾತ್ರ ಕೇಳಿದರು. ಆಗ ನನಗೆ ಆ ಪ್ರಶ್ನೆ ವಿಚಿತ್ರ ಅನ್ನಿಸಿತ್ತು. ಬೆಟ್ಟದ ಬಗ್ಗೆ ಎಲ್ಲರೂ ಕೇಳುವುದು ಏರಿನ ವಿಷಯ. ಅವರ ಮಂಡಿಗೆ ಮೆಟ್ಟಿಲು ಇಳಿಯುವಾಗಲೇ ನೋವು ಬರುತ್ತಿದ್ದುದರಿಂದ ಅವರಿಗೆ ಇಳಿಜಾರಿನ ಚಿಂತೆ. ಇಡೀ ಪ್ರವಾಸದಲ್ಲಿ ಇದಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿರಲಿಲ್ಲ ಎಂದು ಈಗ ಖಂಡಿತವಾಗಿ ಹೇಳಬಲ್ಲೆ.

ನಾನು ತೀರ್ಥಹಳ್ಳಿ ಕಡೆಯವಳು. ಶಾಲೆಗೆ ಹೋಗಬೇಕಾದರೆ ಒಂದು ದಿಣ್ಣೆ ಹತ್ತಿ ಇನ್ನೊಂದು ಇಳಿಯಬೇಕಿತ್ತು. ಅವರದು ಸಿಂಧನೂರಿನ ಹತ್ತಿರದ ಹಳ್ಳಿ. ಎರೆಭೂಮಿ, ತುಂಗಭದ್ರಾ ಎಡದಂಡೆ ಕಾಲುವೆ, ಭತ್ತದ ಗದ್ದೆ, ಎತ್ತ ನೋಡಿದರೂ ಸಮತಟ್ಟು. ಇಬ್ಬರೂ ಐವತ್ತರ ಸಮೀಪದವರು, ನೆಲೆ ಮೈಸೂರು. ಗಂಡ ಹೆಂಡತಿ ಒಂದೇ ಮನೆಯಲ್ಲಿ ಎಷ್ಟೇ ವರ್ಷ ಇದ್ದರೂ ಇಬ್ಬರ ಕಾಲು ಬೇರೆ, ಶ್ವಾಸ ಬೇರೆ, ಹಸಿವಾಗುವ ಹೊತ್ತು ಬೇರೆ. ಮನೆಯಲ್ಲಿ ಈ ವ್ಯತ್ಯಾಸ ಅಷ್ಟಾಗಿ ಗೊತ್ತಾಗುವುದಿಲ್ಲ, ಗುಡ್ಡದ ಮೇಲೆ ಪ್ರತಿ ಹೆಜ್ಜೆಗೂ ಗೊತ್ತಾಗುತ್ತದೆ. ಇಬ್ಬರೇ ಹೊರಡುವ ಚಾರಣಕ್ಕೆ ತಯಾರಿ ಎಂದರೆ ಮೊದಲು ಈ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು. ಶೂ, ಚೀಲ, ಕೋಲು ಎಲ್ಲ ಆಮೇಲಿನ ಮಾತು.

ಮೈಸೂರಿನಲ್ಲಿರುವವರಿಗೆ ಅಭ್ಯಾಸಕ್ಕೆ ಚಾಮುಂಡಿ ಬೆಟ್ಟದ ಮೆಟ್ಟಿಲು ಇದ್ದೇ ಇದೆ. ಬಹಳ ಜನ ಮೆಟ್ಟಿಲು ಹತ್ತಿ, ದೇವಿಯ ದರ್ಶನ ಮಾಡಿ, ಬಸ್ಸಿನಲ್ಲಿ ಇಳಿದುಬಿಡುತ್ತಾರೆ. ಚಾರಣಕ್ಕೆ ತಯಾರಾಗುವವರು ಹಾಗೆ ಮಾಡಬಾರದು. ಏರುವಾಗ ದುಡಿಯುವುದು ಹೃದಯ ಮತ್ತು ಶ್ವಾಸಕೋಶ, ಇಳಿಯುವಾಗ ದುಡಿಯುವುದು ತೊಡೆಯ ಮುಂಭಾಗದ ಸ್ನಾಯು ಮತ್ತು ಮಂಡಿ. ಇಳಿಯುವಾಗ ಆ ಸ್ನಾಯು ಹಿಗ್ಗುತ್ತಲೇ ಮೈಭಾರವನ್ನು ತಡೆಯಬೇಕು. ರೂಢಿಯಿಲ್ಲದವರಿಗೆ ಮರುದಿನ, ಅದರ ಮರುದಿನ ತೊಡೆ ಹಿಡಿದುಕೊಳ್ಳುವುದು ಇದೇ ಕಾರಣಕ್ಕೆ. ಭಾನುವಾರ ಬೆಳಗ್ಗೆ ಬೇಗ ಹೋಗಿ, ನಂದಿಯವರೆಗೆ ಹತ್ತಿ, ಅಲ್ಲಿಂದ ನಿಧಾನವಾಗಿ ಇಳಿಯುವುದನ್ನು ರೂಢಿ ಮಾಡಿಕೊಂಡೆವು. ವೈದ್ಯರನ್ನು ಕೇಳಿ ನಮ್ಮವರು ಮಂಡಿಗೆ ಪಟ್ಟಿ ತಂದುಕೊಂಡರು. ಇಬ್ಬರಿಗೂ ಎರಡೆರಡು ಊರುಗೋಲು ಕೊಂಡೆವು. ಇಳಿಜಾರಿನಲ್ಲಿ ಕೋಲನ್ನು ಸ್ವಲ್ಪ ಉದ್ದ ಮಾಡಿ ಮುಂದಕ್ಕೆ ಊರಿದರೆ ಮಂಡಿಯ ಭಾರದಲ್ಲಿ ಒಂದಿಷ್ಟನ್ನು ತೋಳು ಹೊರುತ್ತದೆ. ಅಂಗಡಿಯಲ್ಲಿ ಅದನ್ನು ಯುವಕರ ಶೋಕಿಯ ವಸ್ತು ಎಂಬಂತೆ ತೋರಿಸುತ್ತಾರೆ. ಅದರ ನಿಜವಾದ ಬೆಲೆ ಗೊತ್ತಿರುವುದು ನಲವತ್ತು ದಾಟಿದವರಿಗೆ.

ಕುದುರೆಮುಖ ಅದೇ ಹೆಸರಿನ ರಾಷ್ಟ್ರೀಯ ಉದ್ಯಾನದೊಳಗಿನ ಶಿಖರ. ಎತ್ತರ ಸುಮಾರು 1,890 ಮೀಟರ್. ಅರಣ್ಯ ಇಲಾಖೆಯಲ್ಲಿ ಆನ್‌ಲೈನ್‌ನಲ್ಲಿ ಮುಂಗಡ ಕಾದಿರಿಸಿಯೇ ಹೋಗಬೇಕು, ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಇದೆ, ರಜೆಯ ದಿನಗಳು ಬೇಗ ತುಂಬಿಹೋಗುತ್ತವೆ. ಬೆಟ್ಟದ ಮೇಲೆ ಗುಡಾರ ಹಾಕಿ ತಂಗಲು ಅವಕಾಶವಿಲ್ಲ, ಅದೇ ದಿನ ಬೆಳಕಿರುವಾಗಲೇ ಇಳಿದು ಬರಬೇಕು. ಕಳಸದ ಕಡೆಯಿಂದ ಬಂದರೆ ಸಂಸೆ ದಾಟಿ ಬಾಳೆಗಲ್, ಅಲ್ಲಿಂದ ಮುಳ್ಳೋಡಿಗೆ ಕಲ್ಲುಮಣ್ಣಿನ ದಾರಿ. ನಮ್ಮ ಕಾರು ಆ ದಾರಿಗೆ ಲಾಯಕ್ಕಲ್ಲ. ಊರಿನವರ ಜೀಪಿನಲ್ಲಿ ಹೋಗಿ ಹಿಂದಿನ ರಾತ್ರಿಯೇ ಮುಳ್ಳೋಡಿಯ ಒಂದು ಹೋಂಸ್ಟೇಯಲ್ಲಿ ಉಳಿದೆವು. ಮೈಸೂರಿನಿಂದ ರಾತ್ರಿಯಿಡೀ ಪ್ರಯಾಣ ಮಾಡಿ, ನಿದ್ದೆಗೆಟ್ಟು, ನೇರವಾಗಿ ಬೆಟ್ಟಕ್ಕೆ ಕಾಲಿಡುವ ಪದ್ಧತಿ ಈಗ ಬಹಳ ಕಡೆ ಇದೆ. ಇಪ್ಪತ್ತರ ಹರೆಯಕ್ಕೆ ಅದು ನಡೆಯಬಹುದು. ನಮ್ಮ ವಯಸ್ಸಿನವರು ಒಂದು ರಾತ್ರಿಯ ಬಾಡಿಗೆ ಉಳಿಸಲು ಹೋಗಬಾರದು.

ಎಷ್ಟು ಹೊತ್ತಿಗೆ ಹೊರಡಬೇಕು ಎಂಬುದಕ್ಕೆ ಒಂದು ಹಳೆಯ ಲೆಕ್ಕವಿದೆ. ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಎಂಬ ಪರ್ವತಾರೋಹಿ 1892ರಲ್ಲಿ ಕೊಟ್ಟದ್ದು. ಈಗಿನ ಅಳತೆಯಲ್ಲಿ ಹೇಳುವುದಾದರೆ ಐದು ಕಿಲೋಮೀಟರ್ ನಡಿಗೆಗೆ ಒಂದು ಗಂಟೆ, ಅದರ ಮೇಲೆ ಆರುನೂರು ಮೀಟರ್ ಏರಿಗೆ ಇನ್ನೊಂದು ಗಂಟೆ. ಮುಳ್ಳೋಡಿಯಿಂದ ಶಿಖರಕ್ಕೆ ಸುಮಾರು ಒಂಬತ್ತು ಕಿಲೋಮೀಟರ್, ಏರು ಎಂಟು ಒಂಬೈನೂರು ಮೀಟರಿನಷ್ಟು. ಲೆಕ್ಕಕ್ಕೆ ಮೂರೂಕಾಲು ಗಂಟೆ ಬರುತ್ತದೆ. ಇದು ರೂಢಿಯಿರುವ ಗಟ್ಟಿಗರು ನಿಲ್ಲದೆ ನಡೆದಾಗಿನ ಮಾತು. ನಾವು ಅದನ್ನು ಒಂದೂವರೆ ಪಟ್ಟು ಮಾಡಿ ಐದು ಗಂಟೆ ಎಂದು ಇಟ್ಟುಕೊಂಡೆವು. ಇಳಿಯಲು? "ಏರಿದಷ್ಟೇ ಹೊತ್ತು ಇಟ್ಟುಕೊಳ್ಳಿ, ಕಮ್ಮಿ ಬೇಡ" ಎಂದರು ನಮ್ಮ ಜೊತೆ ಬರಲಿದ್ದ ಗೈಡ್. ಇದೇ ಊರಿನ ಯುವಕ, ಈ ದಾರಿಯನ್ನು ಕಣ್ಣು ಮುಚ್ಚಿ ನಡೆಯಬಲ್ಲವರು. ಅವರ ಮಾತಿನ ಪ್ರಕಾರ ಬೆಳಗಿನ ಮೊದಲ ಬೆಳಕಿಗೇ ಹೊರಡುವುದೆಂದಾಯಿತು.

ಮೊದಲ ಹಳ್ಳ ದಾಟಿ, ಕಾಡಿನೊಳಗೆ ಹೊಕ್ಕ ಕೂಡಲೇ ಗೈಡ್ ನಮ್ಮಿಬ್ಬರ ನಡಿಗೆಯನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ, "ಅಕ್ಕ, ನೀವು ಹಿಂದೆ ಬನ್ನಿ. ಅಣ್ಣ ನನ್ನ ಬೆನ್ನಿಗೇ ಇರ್ಲಿ" ಎಂದರು. ಅಲ್ಲಿಯವರೆಗೆ ನಾನು ಮುಂದೆ ಹೋಗಿ, ತಿರುವಿನಲ್ಲಿ ನಿಂತು, ನಮ್ಮವರು ಬಂದ ಮೇಲೆ ಮತ್ತೆ ಹೊರಡುತ್ತಿದ್ದೆ. ಇದು ಕಾಯುವ ಸೌಜನ್ಯದಂತೆ ಕಾಣುತ್ತದೆ. ವಾಸ್ತವದಲ್ಲಿ ಏನಾಗುತ್ತದೆ ಎಂದರೆ, ಬೇಗ ನಡೆಯುವವರಿಗೆ ಪ್ರತಿ ತಿರುವಿನಲ್ಲೂ ವಿಶ್ರಾಂತಿ ಸಿಗುತ್ತದೆ. ನಿಧಾನದವರು ಏದುಸಿರು ಬಿಡುತ್ತಾ ಅಲ್ಲಿಗೆ ತಲಪುವ ಹೊತ್ತಿಗೆ ಕಾದವರು ಎದ್ದು ನಿಂತಿರುತ್ತಾರೆ. ಹೆಚ್ಚು ದಣಿದವರಿಗೆ ವಿಶ್ರಾಂತಿಯೇ ಇಲ್ಲ. ಜೊತೆಗೆ, ತನ್ನಿಂದ ಇನ್ನೊಬ್ಬರಿಗೆ ತಡವಾಗುತ್ತಿದೆ ಎಂಬ ಸಂಕೋಚ ಬೇರೆ. ಆ ಸಂಕೋಚದಲ್ಲಿ ಮನುಷ್ಯ ನೀರು ಕುಡಿಯಲು ನಿಲ್ಲುವುದಿಲ್ಲ, ಶೂ ಕಚ್ಚುತ್ತಿದ್ದರೂ ಹೇಳುವುದಿಲ್ಲ, ಕಾಲಿಡುವ ಜಾಗ ನೋಡದೆ ಅವಸರ ಮಾಡುತ್ತಾನೆ. ಗುಡ್ಡದಲ್ಲಿ ಕಾಲು ಉಳುಕುವುದು ಹೆಚ್ಚಾಗಿ ಇಂಥ ಹೊತ್ತಿನಲ್ಲೇ.

ನಮ್ಮವರು ಮುಂದಾದ ಮೇಲೆ ನಡಿಗೆಯ ಲಯವೇ ಬೇರೆಯಾಯಿತು. ಮಾತಾಡಿಕೊಂಡು ನಡೆಯಲು ಆಗುವಷ್ಟು ವೇಗ. ಮಾತು ತುಂಡಾಗುತ್ತಿದೆ ಎಂದರೆ ವೇಗ ಹೆಚ್ಚಾಯಿತು ಎಂದರ್ಥ, ಅದಕ್ಕಿಂತ ಒಳ್ಳೆಯ ಅಳತೆ ಬೇಕಿಲ್ಲ. ಹಿಂದಿದ್ದ ನನಗೂ ಲಾಭವಾಯಿತು. ಸದಾ ಮುಂದಿನ ತಿರುವನ್ನು ನೋಡುತ್ತಿದ್ದವಳು ಈಗ ಪಕ್ಕಕ್ಕೆ ನೋಡತೊಡಗಿದೆ.

ಪಕ್ಕಕ್ಕೆ ನೋಡಿದರೆ ಏನಿಲ್ಲ ಅಲ್ಲಿ! ಕಾಡು ಮುಗಿದು ಹುಲ್ಲುಗಾವಲು ತೆರೆದುಕೊಳ್ಳುತ್ತದೆ. ಗುಡ್ಡದ ನೆತ್ತಿಯೆಲ್ಲ ಹುಲ್ಲು, ಎರಡು ಗುಡ್ಡ ಸೇರುವ ಮಡಿಲಲ್ಲಿ ಮಾತ್ರ ಗಿಡ್ಡ ಮರಗಳ ದಟ್ಟ ಶೋಲಾ ಕಾಡು. ಮೇಲೆ ಗಾಳಿಯ ಹೊಡೆತ, ತೆಳು ಮಣ್ಣು. ಮಡಿಲಲ್ಲಿ ಆಳದ ಮಣ್ಣು, ತೇವ, ಆಸರೆ. ಮಳೆಗಾಲದಲ್ಲಿ ಸುರಿದ ನೀರನ್ನು ಹುಲ್ಲಿನ ಬೇರು, ಶೋಲಾದ ತರಗೆಲೆ ಹಿಡಿದಿಟ್ಟುಕೊಂಡು ಬೇಸಿಗೆಯವರೆಗೂ ಸ್ವಲ್ಪಸ್ವಲ್ಪವೇ ಬಿಡುತ್ತವೆ. ಹಾಗಾಗಿಯೇ ದಾರಿಯ ಕೆಳಭಾಗದಲ್ಲಿ ಅಷ್ಟೊಂದು ಹಳ್ಳಗಳು ಸಿಗುತ್ತವೆ. ಮೇಲೆ ಹೋದಂತೆ ನೀರು ಇಲ್ಲ. ತಲೆಗೆ ಎರಡು ಲೀಟರ್ ಹೊತ್ತೇ ಹೋಗಬೇಕು.

ಅಕ್ಟೋಬರಿನಲ್ಲಿ ನೆಲ ಇನ್ನೂ ಒದ್ದೆ, ಉಂಬಳಗಳ (ಜಿಗಣೆಗಳ) ಕಾಲ. ನಮ್ಮವರಿಗೆ ಉಂಬಳ ಹೊಸದು. ಮಲೆನಾಡಿನವರು ಮಾಡುವಂತೆ ಕಾಲುಚೀಲಕ್ಕೆ ನಶ್ಯದ ಪುಡಿ ಸವರಿಕೊಂಡೆವು, ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ ಕಟ್ಟಿದೆವು. ಆದರೂ ಎರಡು ಮೂರು ಹತ್ತಿಕೊಂಡವು. ಕಚ್ಚಿದ್ದು ಗೊತ್ತಾಗುವುದೇ ಇಲ್ಲ, ರಕ್ತ ನೋಡಿಯೇ ತಿಳಿಯಬೇಕು. ಅದರ ಜೊಲ್ಲಿನಲ್ಲಿರುವ ಒಂದು ಅಂಶ ರಕ್ತ ಹೆಪ್ಪುಗಟ್ಟದಂತೆ ತಡೆಯುವುದರಿಂದ ಉಂಬಳ ಬಿದ್ದುಹೋದ ಮೇಲೂ ಬಹಳ ಹೊತ್ತು ಒಸರುತ್ತದೆ. ಗಾಬರಿ ಬೇಡ. ಕಿತ್ತು ಎಳೆಯದೆ, ಕಚ್ಚಿದ ಬಾಯಿಯ ಬುಡಕ್ಕೆ ಉಗುರು ಸರಿಸಿ ಬಿಡಿಸಿ, ತೊಳೆದು, ಒತ್ತಿ ಹಿಡಿದರೆ ಸಾಕು. ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಮೊದಲೇ ವೈದ್ಯರನ್ನು ಕೇಳಿರಬೇಕು. ನಮ್ಮವರು ಮೊದಲನೆಯದಕ್ಕೆ ಹೌಹಾರಿದರು, ಮೂರನೆಯದನ್ನು ತಾವೇ ಬಿಡಿಸಿದರು.

ಅರ್ಧ ದಾರಿಯ ಹತ್ತಿರ ಒಂಟಿ ಮರ ಎಂದೇ ಹೆಸರಾದ ಜಾಗವಿದೆ. ಹುಲ್ಲುಗಾವಲಿನ ನಡುವೆ ಒಂದೇ ಮರ, ಸುತ್ತ ಕಣಿವೆ. ಎಲ್ಲರೂ ಅಲ್ಲಿ ಕೂರುತ್ತಾರೆ, ನಾವೂ ಕೂತು ಬುತ್ತಿ ಬಿಚ್ಚಿದೆವು. ಅತ್ತೆ ಕೊಟ್ಟುಕಳಿಸಿದ್ದ ಒಣ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಬೆಲ್ಲ. ಚಾರಣಕ್ಕೆ ಇದಕ್ಕಿಂತ ಹೊಂದುವ ಊಟ ನನಗೆ ಗೊತ್ತಿಲ್ಲ. ತೂಕ ಇಲ್ಲ, ಹಳಸುವುದಿಲ್ಲ, ಶೇಂಗಾದಲ್ಲಿ ಕಸುವಿದೆ, ಚಟ್ನಿಯ ಉಪ್ಪು ಬೆವರಿನಲ್ಲಿ ಹೋದದ್ದನ್ನು ತುಂಬುತ್ತದೆ. ಮಲೆನಾಡಿನ ಗುಡ್ಡಕ್ಕೆ ಬಯಲುಸೀಮೆಯ ಬುತ್ತಿಯೇ ಸರಿ ಎಂದು ನಾನು ಅಲ್ಲೇ ಒಪ್ಪಿಕೊಂಡೆ.

ಗೈಡ್ ಅಲ್ಲಿ ಹೇಳಿದ ಇನ್ನೊಂದು ಮಾತು ಮರೆಯುವಂಥದ್ದಲ್ಲ: ಗುಡುಗು ಕೇಳಿದರೆ ಈ ಮರದ ಕೆಳಗೆ ಮಾತ್ರ ನಿಲ್ಲಬಾರದು. ಅಕ್ಟೋಬರಿನಲ್ಲಿ ಬೆಳಗ್ಗೆ ಆಕಾಶ ತಿಳಿಯಾಗಿದ್ದು ಮಧ್ಯಾಹ್ನ ದಾಟಿದ ಮೇಲೆ ಗುಡುಗು ಮಳೆ ಕವಿಯುವುದು ಈ ಸೀಮೆಯಲ್ಲಿ ಸಾಮಾನ್ಯ. ಬರೀ ಹುಲ್ಲಿರುವ ಬೆಟ್ಟದ ಏಣಿನ ಮೇಲೆ ಎಲ್ಲಕ್ಕಿಂತ ಎತ್ತರದ ವಸ್ತು ಮನುಷ್ಯನೇ. ಮಿಂಚು ಕಂಡು ಗುಡುಗು ಕೇಳುವುದರೊಳಗೆ ಎಣಿಸಬೇಕು, ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ದೂರ. ಮೂವತ್ತರೊಳಗೆ ಗುಡುಗು ಕೇಳಿದರೆ ಏಣು ಬಿಟ್ಟು ತಗ್ಗಿಗೆ ಇಳಿಯಬೇಕು. ಬೆಳಗಿನ ಬೆಳಕಿಗೇ ಹೊರಡಬೇಕು ಎನ್ನುವುದು ಬಿಸಿಲಿನ ಕಾರಣಕ್ಕೆ ಮಾತ್ರವಲ್ಲ.

ಕೊನೆಯ ಏರಿನಲ್ಲಿ ಮಂಜು ಬಂದು ಹೋಗಿ ಮಾಡುತ್ತಿತ್ತು. ಹಳೆಯ ಕಲ್ಲುಕಟ್ಟಡವೊಂದರ ಪಾಳುಗೋಡೆ ಹಾದು, ಮಧ್ಯಾಹ್ನಕ್ಕೆ ಮುಂಚೆಯೇ ನೆತ್ತಿ ತಲಪಿದೆವು. ಮಂಜು ಸರಿದಾಗ ಪಶ್ಚಿಮಕ್ಕೆ ಘಟ್ಟ ಕಡಿದಾಗಿ ಇಳಿದು ಕರಾವಳಿಯ ಬಯಲು ಕಾಣಿಸಿತು. ನಮ್ಮವರು ತುದಿಯಲ್ಲಿ ನಿಲ್ಲದೆ ಹಿಂದೆ ಕೂತು ನೋಡಿದರು. ಫೋಟೊಗಾಗಿ ಅಂಚಿಗೆ ಹೋಗುತ್ತಿದ್ದ ಹುಡುಗರನ್ನು ಗೈಡ್ ಕೂಗಿ ಕರೆದರು. ಒದ್ದೆ ಹುಲ್ಲು, ಅದರ ಕೆಳಗೆ ಕಾಣದ ಪ್ರಪಾತ, ಎರಡೂ ಸೇರಿದರೆ ಅಪಾಯ. ಅಲ್ಲಿ ಹೆಚ್ಚು ಹೊತ್ತು ಕೂರಲಿಲ್ಲ. ಮೋಡ ಕಪ್ಪಾಗತೊಡಗಿತ್ತು.

ಇಳಿಯಲು ಏರಿದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಜೇಡಿಮಣ್ಣಿನ ದಾರಿ ನೂರಾರು ಕಾಲುಗಳಿಗೆ ಸಿಕ್ಕಿ ನುಣುಪಾಗಿತ್ತು. ನಮ್ಮವರು ಎರಡು ಕೋಲನ್ನೂ ಮುಂದೆ ಊರಿ, ಪಾದವನ್ನು ಸ್ವಲ್ಪ ಓರೆ ಮಾಡಿ, ಸಣ್ಣ ಸಣ್ಣ ಹೆಜ್ಜೆಯಿಟ್ಟರು. ನಮ್ಮನ್ನು ದಾಟಿ ಎಷ್ಟೋ ಗುಂಪುಗಳು ಓಡುತ್ತಾ ಹೋದವು. "ಹೋಗ್ಲಿ ಬಿಡ್ರಿ, ನಮಗ್ಯಾಕ ಅವಸರ" ಎಂದು ಅವರು ಗೈಡ್‌ಗೆ ಹೇಳಿದಾಗ ನನಗೆ ಹೆಮ್ಮೆಯಾಯಿತು. ಶೂವಿನ ಲೇಸನ್ನು ಇಳಿಯುವ ಮುಂಚೆ ಬಿಗಿದು ಕಟ್ಟಿದ್ದರಿಂದ ಹೆಬ್ಬೆರಳಿನ ಉಗುರು ಮುಂದಕ್ಕೆ ಬಡಿಯಲಿಲ್ಲ. ಇದನ್ನು ಮಾಡದವರ ಉಗುರು ಕಪ್ಪಾಗುವುದನ್ನು ಬೇಕಾದಷ್ಟು ನೋಡಿದ್ದೇನೆ. ಮುಳ್ಳೋಡಿಯ ಹಳ್ಳಕ್ಕೆ ಬಂದು ತಣ್ಣೀರಿನಲ್ಲಿ ಮಂಡಿಯವರೆಗೆ ಕಾಲಿಟ್ಟು ಕೂತಾಗ ಇನ್ನೂ ಬೆಳಕಿತ್ತು.

ಬೆಟ್ಟ ಹತ್ತಿದ ಮರುದಿನಕ್ಕೆ ಯಾವ ಕಾರ್ಯಕ್ರಮವನ್ನೂ ಇಟ್ಟುಕೊಳ್ಳಬಾರದು. ಅಂದು ಕಳಸಕ್ಕೆ ಹೋಗಿ, ಕಳಸೇಶ್ವರನ ದರ್ಶನ ಮಾಡಿ, ಭದ್ರೆಯ ದಂಡೆಯ ಅಂಬಾತೀರ್ಥದಲ್ಲಿ ಕೂತಿದ್ದಷ್ಟೇ ನಾವು ಮಾಡಿದ ಕೆಲಸ. ಮಧ್ವಾಚಾರ್ಯರು ಒಂದೇ ಕೈಯಲ್ಲಿ ತಂದಿಟ್ಟರೆಂದು ಹೇಳುವ ಹೆಬ್ಬಂಡೆ ಅಲ್ಲಿದೆ, ಅದರ ಮೇಲೆ ಶಾಸನವೂ ಇದೆ. ಹೊಳೆ ಕಲ್ಲುಗಳ ನಡುವೆ ಕೊರೆದುಕೊಂಡು ಹರಿಯುವ ಚಂದವನ್ನು ನೋಡಬೇಕಾದವರು ನೀರಿಗೆ ಇಳಿಯದೆ ನೋಡಬೇಕು, ಅಲ್ಲಿನ ಸೆಳೆತ ಮೇಲಿನಿಂದ ಗೊತ್ತಾಗುವುದಿಲ್ಲ.

ಗುಡಾರದಲ್ಲಿ ಮಲಗುವ ಆಸೆಯನ್ನು ಭಗವತಿ ಪ್ರಕೃತಿ ಶಿಬಿರದಲ್ಲಿ ತೀರಿಸಿಕೊಂಡೆವು. ಕುದುರೆಮುಖ ಪಟ್ಟಣ ದಾಟಿದ ಮೇಲೆ ಕಾಡಿನ ನಡುವೆ ಭದ್ರೆಯ ದಂಡೆಯಲ್ಲಿದೆ. ಗುಡಾರದ ಬಗ್ಗೆ ಕಲಿತದ್ದು ಇಷ್ಟು: ಚಳಿ ಎಂದು ಎಲ್ಲ ಜಿಪ್ಪನ್ನೂ ಮುಚ್ಚಿದರೆ ಇಬ್ಬರ ಉಸಿರಿನ ತೇವವೇ ಬಟ್ಟೆಗೆ ತಾಗಿ ಬೆಳಗಿನ ಜಾವಕ್ಕೆ ಹನಿಯುತ್ತದೆ. ಗಾಳಿಕಿಂಡಿ ತೆರೆದಿಟ್ಟು ಹೊದಿಕೆ ಹೆಚ್ಚು ಹೊದೆಯುವುದೇ ಸರಿ. ಮಲಗುವುದಕ್ಕೆ ಒಂದು ಜೊತೆ ಒಣ ಕಾಲುಚೀಲವನ್ನು ಬೇರೆಯೇ ಎತ್ತಿಟ್ಟಿರಬೇಕು. ಬೆಳಗ್ಗೆ ಶೂವನ್ನು ಕೊಡವದೆ ಕಾಲು ಹಾಕಬಾರದು.

ಅಲ್ಲಿನ ಒಂದು ಸಂಜೆಯ ವಿಷಯ ಹೇಳಬೇಕು. ನನಗೆ ಕಾಡಿನ ದಾರಿಯಲ್ಲಿ ಹಕ್ಕಿ ನೋಡುವ ಆಸೆ. ನಮ್ಮವರು ಹೊಳೆಯ ಹತ್ತಿರದಿಂದ ಏಳಲು ಒಪ್ಪಲಿಲ್ಲ. "ಈ ನೀರೇ ಅಲ್ಲೇನು ನಮ್ಮ ಕಾಲುವಿಗೆ ಬರೋದು" ಎಂದರು. ನಿಜ. ಭದ್ರೆ ಹುಟ್ಟುವುದು ಇದೇ ಸಾಲಿನ ಗಂಗಾಮೂಲದಲ್ಲಿ. ಕೂಡಲಿಯಲ್ಲಿ ತುಂಗೆಯನ್ನು ಸೇರಿ, ಹೊಸಪೇಟೆಯ ಅಣೆಕಟ್ಟೆಯಲ್ಲಿ ನಿಂತು, ಎಡದಂಡೆ ಕಾಲುವೆಯಲ್ಲಿ ಸಿಂಧನೂರಿನ ಗದ್ದೆಗಳವರೆಗೆ ಹೋಗುತ್ತಾಳೆ. ಆ ಅಣೆಕಟ್ಟೆ 1953ರಲ್ಲಿ ಮುಗಿದಾಗ 133 ಟಿಎಂಸಿ ಅಡಿ ನೀರು ಹಿಡಿಯುತ್ತಿತ್ತು. ಹೂಳು ತುಂಬಿ ಈಗ ಸುಮಾರು 105ಕ್ಕೆ ಇಳಿದಿದೆ. ಕಾಲುವೆಯ ಕೊನೆಯ ಭಾಗದವರಿಗೆ ನೀರು ಬರುವುದೇ ಅನುಮಾನ ಎನ್ನುವ ವರ್ಷಗಳನ್ನು ಕಂಡು ಬೆಳೆದವರು ಅವರು. ನದಿ ಸಣ್ಣದಾಗಿ, ತಿಳಿಯಾಗಿ, ಕಲ್ಲು ಕಾಣುವಂತೆ ಹರಿಯುವುದನ್ನು ಅವರು ನೋಡುತ್ತಿದ್ದ ರೀತಿಗೆ ಹಕ್ಕಿಯ ಆಸೆಯನ್ನು ಬಿಟ್ಟು ನಾನೂ ಪಕ್ಕದಲ್ಲಿ ಕೂತೆ.

ಅಲ್ಲಿ ಕೂತಿದ್ದಾಗ ಕುದುರೆಮುಖದ ಗಣಿಯ ಮಾತು ಬಂತು, ಬರಲೇಬೇಕಿತ್ತು. ಕುದುರೆಮುಖ ಕಬ್ಬಿಣ ಅದಿರು ಕಂಪನಿ ಹುಟ್ಟಿದ್ದು 1976ರಲ್ಲಿ, ಇರಾನಿಗೆ ಅದಿರು ಕಳಿಸುವ ಒಪ್ಪಂದದ ಮೇಲೆ. ಅದಿರನ್ನು ನೀರಿನಲ್ಲಿ ಕಲಸಿ ಕೊಳವೆಯಲ್ಲಿ ಮಂಗಳೂರಿಗೆ ಹರಿಸುತ್ತಿದ್ದರು. ಉಳಿದ ಕೆಸರನ್ನು ತಡೆಯಲು ಲಕ್ಯಾ ಅಣೆಕಟ್ಟು ಕಟ್ಟಿದರು. 1987ರಲ್ಲಿ ಕಾಡು ರಾಷ್ಟ್ರೀಯ ಉದ್ಯಾನವಾಯಿತು. ಸಿಂಗಳೀಕಗಳ ನೆಲೆ ಎಂಬುದು ಅದಕ್ಕೆ ದೊಡ್ಡ ಕಾರಣ, ಆ ಸಿಂಗಳೀಕಗಳ ಸಮೀಕ್ಷೆ ಮಾಡಿದವರು ಉಲ್ಲಾಸ ಕಾರಂತರು. ಮಳೆಗಾಲದಲ್ಲಿ ಗಣಿಯ ಮಣ್ಣು ಭದ್ರೆಗೆ ಇಳಿಯುತ್ತದೆ ಎಂದು ಜನ ಹೋರಾಡಿದರು, ನ್ಯಾಯಾಲಯಕ್ಕೆ ಹೋದರು. ಸುಪ್ರೀಂ ಕೋರ್ಟ್ 2002ರಲ್ಲಿ ತೀರ್ಪು ಕೊಟ್ಟಿತು, 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಖಾಲಿಯಾದ ಕ್ವಾರ್ಟರ್ಸ್‌ಗಳನ್ನು ರಸ್ತೆಯಿಂದಲೇ ನೋಡಿದ್ದೆವು. ಅಲ್ಲಿ ದುಡಿದ ಸಾವಿರಾರು ಕುಟುಂಬಗಳ ನಷ್ಟ ಸಣ್ಣದಲ್ಲ. ಆದರೂ ಮೂಲದಲ್ಲಿ ಹೊಳೆ ತಿಳಿಯಾಗಿರುವುದು ಕೆಳಗಿನ ಅಷ್ಟೂ ಜಿಲ್ಲೆಗಳ ಬದುಕಿನ ಪ್ರಶ್ನೆ, ಆ ತೀರ್ಪು ಸರಿಯಾದ ತೀರ್ಪು ಎಂದೇ ನನ್ನ ನಂಬಿಕೆ. ಅವರದೂ ಅದೇ.

ಹೊರಡುವ ದಿನ ಹನುಮನಗುಂಡಿ ಜಲಪಾತದ ಹತ್ತಿರ ನಿಂತೆವು. ಜಲಪಾತಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕು, ಮತ್ತೆ ಹತ್ತಬೇಕು. ಅವರು ಮೇಲೇ ಉಳಿದು ಚಹಾ ಕುಡಿದರು, ನಾನು ಒಬ್ಬಳೇ ಇಳಿದು ಬಂದೆ. ಇಬ್ಬರಿಗೂ ಅದರಲ್ಲಿ ಬೇಸರವಿರಲಿಲ್ಲ. ಜೊತೆಯಾಗಿ ಹೋದವರು ಎಲ್ಲವನ್ನೂ ಜೊತೆಯಾಗಿಯೇ ನೋಡಬೇಕು ಎಂಬ ನಿಯಮವನ್ನು ಯಾರು ಮಾಡಿದರೋ, ಅದು ಎಷ್ಟೋ ಪ್ರವಾಸಗಳನ್ನು ಕೆಡಿಸಿದೆ.

ಕುದುರೆಮುಖಕ್ಕೆ ಹೊರಡುವ ದಂಪತಿಗಳಿಗೆ ನನ್ನದೊಂದು ವಿನಂತಿ. ಕಾದಿರಿಸುವ ಮುಂಚೆ ಇಬ್ಬರಲ್ಲಿ ನಿಧಾನ ಯಾರು ಎಂದು ಮನಬಿಚ್ಚಿ ಮಾತಾಡಿ, ಆ ಹೆಜ್ಜೆಯ ಲೆಕ್ಕದಲ್ಲೇ ಹೊತ್ತು ಗೊತ್ತುಮಾಡಿ. ಶಿಖರ ಬೇಡ ಅನ್ನಿಸಿದರೆ ಒಂಟಿ ಮರದವರೆಗೆ ಹೋಗಿ ಬನ್ನಿ, ಹುಲ್ಲುಗಾವಲಿನ ಚೆಲುವು ಅಲ್ಲಿಗೇ ಪೂರ್ತಿ ಸಿಗುತ್ತದೆ. ಕಾಲುದಾರಿ ಬಿಟ್ಟು ಹುಲ್ಲಿನ ಮೇಲೆ ಅಡ್ಡ ಹಾಯಬೇಡಿ, ತುಳಿದಲ್ಲಿ ಮಳೆನೀರು ಕೊರಕಲು ಮಾಡಿ ಮಣ್ಣನ್ನು ಹಳ್ಳಕ್ಕೆ ಇಳಿಸುತ್ತದೆ. ಒಯ್ದ ಪ್ಲಾಸ್ಟಿಕ್ಕನ್ನೆಲ್ಲ ಚೀಲದಲ್ಲೇ ವಾಪಸ್ ತನ್ನಿ. ಆ ಹಳ್ಳದ ನೀರನ್ನು ಸಿಂಧನೂರಿನವರೆಗೆ ಜನ ಬಳಸುತ್ತಾರೆ.